ಪೆಟ್ಟಿಗೆ ಮಾವನ ನಂಬಿಕೆ
ಊರಿಗೆಲ್ಲ ಶವಪೆಟ್ಟಿಗೆ ಮಾಡಿಕೊಡುವ ಬಡಗಿಯನ್ನು ಎಲ್ಲರೂ ಪೆಟ್ಟಿಗೆ ಮಾವ ಎಂದೇ ಕರೆಯುತ್ತಾರೆ. ಪಕ್ಕದಲ್ಲಿ ಕೂತವರ ಉದ್ದಗಲವನ್ನು ಕಣ್ಣಲ್ಲೇ ಅಳೆಯುತ್ತಾನೆಂದು ಚರ್ಚಿನಲ್ಲಿ ಅವನ ಬೆಂಚಿಗೆ ಯಾರೂ ಬರುತ್ತಿರಲಿಲ್ಲ. ಕೆಮ್ಮು ಹಿಡಿದವರಂತೂ ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಸತ್ತವರು ಏಳುತ್ತಾರೆಂದು ಪಾದ್ರಿಗಳು ಬೋಧಿಸಿದಾಗಲೆಲ್ಲ ಅವರನ್ನು ಬಾಗಿಲಲ್ಲೇ ತಡೆದು, "ಸ್ವಾಮಿ, ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಪೆಟ್ಟಿಗೆ ವಾಪಸ್ ತಂದ್ಕೊಟ್ಟಿಲ್ಲ" ಎನ್ನುತ್ತಿದ್ದ. ನಗುತ್ತ ಹೇಳಿದರೂ ಆ ಸಂಶಯ ಗೆದ್ದಲಿನಂತೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡುತ್ತಿರಲಿಲ್ಲ. ಅಂಥವನ ಹೆಂಡತಿ ಕಾಯಿಲೆ ಬಿದ್ದಳು. ವೈದ್ಯರು ಕೈಚೆಲ್ಲಿದ ಮೇಲೆ ಅವನು ಹಾಸಿಗೆಯ ಪಕ್ಕ ಕೂತು ಮಗುವಿನಂತೆ ಅತ್ತಾಗ ಅವಳೇ ಅವನ ಕಣ್ಣೊರೆಸಿ, "ಅಳಬೇಡಿ ರೀ. ಯೇಸುಸ್ವಾಮಿ ಕೈ ಹಿಡ್ಕೊಂಡಿದಾರೆ, ನಂಗೇನೂ ಭಯ ಇಲ್ಲ. ನಾನು ಮುಂದೆ ಹೋಗಿರ್ತೀನಿ, ನೀವು ನಿಧಾನವಾಗಿ ಬನ್ನಿ" ಎಂದಳು, ತವರಿಗೆ ಹೊರಟವಳಂತೆ. ಸಾವು ಎದುರಿಗೇ ನಿಂತಿದ್ದರೂ ಆ ಮುಖ ಅಷ್ಟು ಹಗುರವಾಗಿದ್ದದ್ದನ್ನು ಕಂಡು ಅವನ ಸಂಶಯ ಕರಗಿತು. ಅವಳ ಕೈ ಬಿಡದೆಯೇ, "ಸ್ವಾಮೀ, ನಂಬ್ತೀನಿ, ನನ್ನನ್ನೂ ಹಿಡ್ಕೋ" ಎಂದು ಬಾಯಿಬಿಟ್ಟು ಪ್ರಾರ್ಥಿಸಿದ. ಅವಳ ಪೆಟ್ಟಿಗೆಯನ್ನು ತಾನೇ ಮಾಡಿ, ಒಳಗೆ ಅವಳ ಮೆಚ್ಚಿನ ದಿಂಬನ್ನಿಟ್ಟ. ಸಮಾಧಿಯ ಬಳಿ ಉಳಿದವರೆಲ್ಲ ಅಳುತ್ತ ಹಾಡು ನಿಲ್ಲಿಸಿದಾಗ ಅವನೊಬ್ಬನೇ ಅಪಸ್ವರಕ್ಕೂ ಅಂಜದೆ, ಎದೆ ತುಂಬಿ, ಪುನರುತ್ಥಾನದ ಹಾಡನ್ನು ಕೊನೆಯ ಸಾಲಿನವರೆಗೂ ಹಾಡಿದ. ಈಗ ಯಾರಾದರೂ ಅಳುತ್ತ ಅಂಗಡಿಗೆ ಬಂದರೆ ಮೊದಲು ಅವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, "ಎದ್ದೇಳ್ತಾರಮ್ಮ, ಖಂಡಿತ ಎದ್ದೇಳ್ತಾರೆ. ನನ್ನವಳನ್ನೂ ನಾನೇ ಮಲಗಿಸಿ ಬಂದಿದೀನಿ" ಎನ್ನುತ್ತಾನೆ.