ಉತ್ತರದ ಕಿಟಕಿಯ ಬಿಸಿಲು

ಇವತ್ತು ಸಂಜೆ ಕಸ ಗುಡಿಸಲೆಂದು ಅಮ್ಮನ ಕೋಣೆಯ ಬೀರು ಸರಿಸಿದಾಗ ಹಿಂದಿನಿಂದ ಒಂದು ಕೋನಮಾಪಕ ಬಿತ್ತು. ಹಳದಿಗಟ್ಟಿದ ಪ್ಲಾಸ್ಟಿಕ್ಕು, ಅಂಚಿನಲ್ಲಿ ಸೀಮೆಸುಣ್ಣದ ಪುಡಿ. ಎದುರು ಮನೆಯ ಅಂಕಲ್ ಅವರದು... ಎಷ್ಟು ಹುಡುಕಿದ್ದರು ಇದಕ್ಕಾಗಿ!

ಹಲಸೂರಿನ ಈ ಗಲ್ಲಿಯಲ್ಲಿ ನಮ್ಮದು ಮಹಡಿ ಮನೆ. ಮೂರು ಕಡೆ ಪಕ್ಕದವರ ಗೋಡೆ, ಇರುವ ಒಂದೇ ಕಿಟಕಿ ಉತ್ತರಕ್ಕೆ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅಮ್ಮನದು ಒಂದೇ ಗೋಳು: "ಮೈಮೇಲೆ ಒಂಚೂರು ಬಿಸಿಲು ಬೀಳಲ್ವಲ್ಲೇ." ಅವಳನ್ನು ಎತ್ತಿ ತಾರಸಿಗೆ ಒಯ್ಯುವ ಶಕ್ತಿ ನನಗಿರಲಿಲ್ಲ.

ಎದುರಿನ ತಗ್ಗು ಹೆಂಚಿನ ಮನೆಯಲ್ಲಿ ಅಂಕಲ್ ಒಬ್ಬರೇ ಇದ್ದರು. ಕಾರ್ಖಾನೆಯ ಡ್ರಾಯಿಂಗ್ ವಿಭಾಗದಿಂದ ನಿವೃತ್ತರಾದವರು. "ಜೂನ್ ಬರ್ಲಿ, ಬಿಸಿಲು ನಾನು ತರಿಸ್ತೀನಿ" ಎಂದರು. ಉತ್ತರದ ಕಿಟಕಿಯಲ್ಲಿ ಬಿಸಿಲೇ ಎಂದು ನಕ್ಕೆ. ನನ್ನ ಕೈಗೇ ಪೆನ್ಸಿಲ್ ಕೊಟ್ಟರು.

"ಮಧ್ಯಾಹ್ನ ಸೂರ್ಯ ಎಷ್ಟು ಎತ್ತರದಲ್ಲಿರ್ತಾನೆ ಅಂತ ಲೆಕ್ಕ ಹಾಕು. ನೆಲದಿಂದ ನೆತ್ತಿಗೆ ತೊಂಬತ್ತು ಡಿಗ್ರಿ. ಅದರಲ್ಲಿ ನಮ್ಮೂರಿನ ಅಕ್ಷಾಂಶ ಹದಿಮೂರು ಕಳಿ. ಜೂನ್ ಕೊನೇಲಿ ಸೂರ್ಯ ಇಪ್ಪತ್ಮೂರೂವರೆ ಉತ್ತರಕ್ಕಿರ್ತಾನೆ, ಅದನ್ನ ಕೂಡ್ಸು."

"ನೂರು ದಾಟ್ತು ಅಂಕಲ್. ಎಲ್ಲೋ ತಪ್ಪಾಯ್ತು."

"ತಪ್ಪಲ್ಲ ಕಣಮ್ಮ. ತೊಂಬತ್ತು ದಾಟ್ತು ಅಂದ್ರೆ ನೆತ್ತಿ ದಾಟಿ ನಿಮ್ಮ ಕಿಟಕಿ ಕಡೆ ಬಂದ ಅಂತ. ಡಿಸೆಂಬರಲ್ಲಿ ಅದೇ ಇಪ್ಪತ್ಮೂರೂವರೆ ಕಳೀಬೇಕು, ದಕ್ಷಿಣಕ್ಕೆ ಹೋಗಿರ್ತಾನೆ. ಆಗ ನಿಮಗೆ ಪಕ್ಕದ ಮನೆ ಗೋಡೇನೇ ಗತಿ."

ಮಧ್ಯಾಹ್ನದ ಬಿಸಿಲು ಕಿಟಕಿಯ ಮೇಲಿನ ಸಜ್ಜೆಯಲ್ಲೇ ನಿಲ್ಲುತ್ತದೆ, ಸಂಜೆಯದು ಮಾತ್ರ ಓರೆಯಾಗಿ ಒಳಗೆ ಬರುತ್ತದೆ ಎಂದು ಹೇಳಿ, ಕೋನಮಾಪಕ ಹಿಡಿದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಅಮ್ಮನ ಮಂಚವನ್ನು ಅಲ್ಲಿಗೆ ಸರಿಸಿದೆವು. ಜಾಗವಿಲ್ಲದೆ ಬೀರು ಬಾಗಿಲಿಗೆ ಅಡ್ಡ ಬಂತು. ಅಂದಿನಿಂದ ತೂರಿಕೊಂಡೇ ಓಡಾಡುತ್ತಿದ್ದೇನೆ.

ಜೂನ್ ಬಂತು. ಮೋಡವೂ ಬಂತು. ಮಳೆಯಾದರೂ ಸುರಿಯಬಾರದೆ? ಅದೂ ಇಲ್ಲ, ಬರೀ ಬೂದಿ ಬಣ್ಣದ ಆಕಾಶ. ಅಂಕಲ್ ದಿನಾ ಸಂಜೆ ಮೆಟ್ಟಿಲು ಹತ್ತಿ ಬಂದು ಸ್ಟೂಲ್ ಮೇಲೆ ಕೂರುತ್ತಿದ್ದರು.

"ಏನ್ರೀ, ನಿಮ್ಮ ಸೂರ್ಯಂಗೆ ಇವತ್ತೂ ರಜಾನಾ?" ಎನ್ನುತ್ತಿದ್ದಳು ಅಮ್ಮ.

"ದಕ್ಷಿಣಕ್ಕೆ ತಿರುಗೋ ಹೊತ್ತಲ್ಲಿ ಅವನು ಬೇಗ ಜಾಗ ಬಿಡಲ್ಲ ಅಕ್ಕಾವ್ರೆ. ನಿಮ್ಮ ಪಂಚಾಂಗದ ದಕ್ಷಿಣಾಯನಕ್ಕೆ ಇನ್ನೂ ಟೈಮಿದೆ."

ಆ ಟೈಮೂ ಮುಗಿಯಿತು. ಜುಲೈ ಇಡೀ ಮೋಡದಲ್ಲೇ ಕಳೆಯಿತು. "ಮುಂದಿನ ವರ್ಷ ನೋಡಿ" ಎಂದರು. ದೀಪಾವಳಿಗೆ ಮುಂಚೆ ಒಂದು ದಿನ ಎದೆನೋವು ಎಂದು ಆಟೋ ಹತ್ತಿದವರು ಮರಳಲಿಲ್ಲ...

ಆಮೇಲಿನ ಜೂನ್‌ಗಳೂ ಹಾಗೇ. ಮಂಚವನ್ನು ಹಳೆಯ ಜಾಗಕ್ಕೆ ತಳ್ಳೋಣವೆಂದರೆ ಅಮ್ಮ ಬಿಡಲಿಲ್ಲ. "ಆ ಮನುಷ್ಯ ಹೇಳಿದ್ದಾರೆ, ಇರ್ಲಿ." ಬೀರುವಿಗೆ ಮೊಣಕೈ ಬಡಿದಾಗಲೆಲ್ಲ ನಾನು ಅಂಕಲ್‌ಗೆ ಬಯ್ದೆ. ಸತ್ತವರಿಗೆ ಬಯ್ಯಬಾರದೆಂದು ಗೊತ್ತಿದ್ದೂ ಬಯ್ದೆ.

ಈಗ ಮತ್ತೆ ಜೂನ್. ಇವತ್ತು ಕೋನಮಾಪಕದ ಧೂಳು ಒರೆಸುತ್ತ ನಿಂತಿದ್ದೆ. ಮೋಡ ಹರಿಯಿತು. ಗಲ್ಲಿಯ ತುದಿಯಿಂದ ಓರೆ ಬಿಸಿಲು ಕಿಟಕಿಯೊಳಗೆ ನುಗ್ಗಿ ಅಮ್ಮನ ಪಾದದ ಮೇಲೆ ಬಿತ್ತು. ಅವಳು ಬೆರಳು ಆಡಿಸಿದಳು.

ಕಿಟಕಿಗೆ ಓಡಿ, "ಅಂಕಲ್, ಬಂತು! ಬೇಗ ಬನ್ನಿ!" ಎಂದು ಕೂಗಿಬಿಟ್ಟೆ. ಎದುರಿನ ಬಾಗಿಲಿಗೆ ಬೀಗ. ಕೆಳಗೆ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ನಾನು ತಿರುಗುವಷ್ಟರಲ್ಲಿ ಬಿಸಿಲೂ ಹೋಗಿತ್ತು.

ಅಮ್ಮನಿಗೆ ಸಿಟ್ಟು ಬಂದಿತ್ತು. "ಆ ಮನುಷ್ಯ, ಲೆಕ್ಕ ಸರಿ ಇತ್ತು ಅಂತ ಒಂದ್ಮಾತು ಕೇಳ್ಕೊಂಡು ಹೋಗ್ಬಾರ್ದಿತ್ತಾ?" ಎಂದಳು.