ಗೋಡೆಯ ಮೇಲಿನ ಬಸ್ ಸ್ಟಾಪು

ಬೀಳಗಿ ಹತ್ತಿರದ ಪುನರ್ವಸತಿ ಊರಿನವರ ಜೊತೆ ಸೇರಿ, ಹಿನ್ನೀರಲ್ಲಿ ಮುಳುಗಿದ ಅವರ ಹಳೇ ಊರನ್ನು ರಸ್ತೆಬದಿಯ ಗೋಡೆಯ ಮೇಲೆ ಬಿಡಿಸಬೇಕೆಂದು ಹೋಗಿದ್ದೆ. ಯಾರೂ ಕುಂಚ ಮುಟ್ಟಲಿಲ್ಲ. ನನಗೆ ಒಂದೇ ಸಮನೆ ಚಡಪಡಿಕೆ. ಕೊನೆಗೆ ಮೊಸರು ಮಾರುವ ಗಂಗವ್ವ ಬಾಯಿಬಿಟ್ಟಳು.

"ಮುಳುಗಿದ ಊರು ಕಣ್ಣಾಗ ಐತ್ರೀ ಸರ. ಇಲ್ಲಿ ಬಸ್ ನಿಂದರಂಗಿಲ್ಲ. ಬಸ್ ಸ್ಟಾಪ್ ಅಂತ ಬರೀರಿ."

"ಅದು ಚಿತ್ರ ಅಲ್ಲವ್ವ," ಎಂದೆ.

"ಬಸ್ ನಿಂತ್ರ ಸಾಕ್ರೀ."

ಒಲ್ಲದ ಮನಸ್ಸಿನಿಂದ ಒಪ್ಪಿದೆ. ಆಗ ಓಣಿಗೆ ಓಣಿಯೇ ಬಂತು. ಹೆಂಗಸರು ಹಳದಿ ಬಳಿದರು. ಮುದುಕನೊಬ್ಬ, "ಡ್ರೈವರಗ ಕಾಣಂಗಿಲ್ಲ," ಎಂದು ನನ್ನ ಅಕ್ಷರಗಳನ್ನು ದಪ್ಪಗೆ ತಿದ್ದಿದ.

ಮರುದಿನ ಮುಂಜಾನೆ ಬಂದ ಬಸ್ಸು ಗೋಡೆಯ ಹತ್ತಿರ ನಿಧಾನಿಸಿ, ನಿಂತೇಬಿಟ್ಟಿತು.

"ಯವ್ವಾ, ಇಲ್ಲಿ ಸ್ಟಾಪ್ ಯಾವಾಗ ಆತು?" ಎಂದ ಕಂಡಕ್ಟರ್.

"ನಿನ್ನಿ," ಎಂದು ಗಂಗವ್ವ ಮೊಸರಿನ ಗಡಿಗೆಯೊಂದಿಗೆ ಹತ್ತಿದಳು.

ನಾನು ಕೈ ಸೇರಿಸಿದ ಚಿತ್ರದ ಮುಂದೆ ಯಾರಾದರೂ ತಾವಾಗಿಯೇ ನಿಂತದ್ದು ಅದೇ ಮೊದಲು.