ಗಡಿಯಾರದ ಮಾವನ ಮುಳ್ಳು

ಬದುಕೆಲ್ಲ ಗಡಿಯಾರ ರಿಪೇರಿ ಮಾಡಿದ ಪಕ್ಕದ ಮನೆಯ ಮಾವನಿಗೆ ತಲೆ ಕೆಟ್ಟಿದೆ ಎಂದು ನಾವೆಲ್ಲ ತೀರ್ಮಾನಿಸಿದ್ದು ಅವರು ಬ್ಲ್ಯಾಕ್‌ಬೆರಿ ಗಿಡ ಕೊಂಡ ದಿನವೇ. ನರ್ಸರಿಯವನು ಮುಳ್ಳಿಲ್ಲದ ತಳಿಯನ್ನು ಕೈಗಿಟ್ಟರೂ ಅದನ್ನು ಪಕ್ಕಕ್ಕೆ ಸರಿಸಿ, ಮೈಯೆಲ್ಲ ಮುಳ್ಳಾಗಿದ್ದ ಗಿಡವನ್ನೇ ಆರಿಸಿದರು. "ಮುಳ್ಳಿಲ್ದಿದ್ರೆ ಗಡಿಯಾರಾನೂ ದಂಡ, ಗಿಡಾನೂ ದಂಡ" ಅಂದರು. ಆಮೇಲೆ ಅದಕ್ಕೆ ನಡೆದ ಆರೈಕೆ ಬಾಣಂತಿಗೂ ನಡೆಯುವುದಿಲ್ಲ: ಗೋಡೆಯುದ್ದಕ್ಕೂ ತಂತಿ ಬಿಗಿದು ಬಳ್ಳಿ ಕಟ್ಟುವುದು, ಬುಡಕ್ಕೆ ಒಣಗಿದೆಲೆ ಹೊದಿಸುವುದು, ಹಣ್ಣು ಕೊಟ್ಟು ಮುಗಿಸಿದ ಕಡ್ಡಿಯನ್ನು ಕತ್ತರಿಸಿ "ನಿನ್ನ ಸರ್ವೀಸ್ ಮುಗೀತು, ಹೋಗಪ್ಪ" ಎಂದು ಬೀಳ್ಕೊಡುವುದು. ಇಷ್ಟೆಲ್ಲ ಸರಿ. ಆದರೆ ಹಣ್ಣು ಕೀಳುವಾಗ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಎಡಗೈಯನ್ನು ಮೊಣಕೈವರೆಗೆ ಪೊದೆಗೆ ತೂರಿಸುತ್ತಿದ್ದರು. ಹೊರಬಂದ ಕೈಯಲ್ಲಿ ಹಣ್ಣಿನ ರಸ ಯಾವುದು, ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಅವರು ಮಾತ್ರ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಮುಂದಿನ ಕಡ್ಡಿಗೆ ಹೋಗುತ್ತಿದ್ದರು. ಕೈಗವಸು ತಂದುಕೊಟ್ಟೆ; ಹಕ್ಕಿ ಓಡಿಸುವ ಬೆದರುಬೊಂಬೆಗೆ ತೊಡಿಸಿದರು. ನಿನ್ನೆ ತಡೆಯಲಾರದೆ ಆ ಕೈಯನ್ನು ಹಿಡಿದೆಳೆದು, "ಏನ್ ಮಾವ, ನೋವೇ ಆಗಲ್ವಾ ನಿಮ್ಗೆ?" ಎಂದು ಗದರಿದೆ. "ಸ್ಟ್ರೋಕ್ ಆದ್ಮೇಲೆ ಈ ಕೈಗೆ ಏನೂ ಗೊತ್ತಾಗಲ್ಲಮ್ಮ. ಡಾಕ್ಟ್ರು ಸೂಜಿ ಚುಚ್ಚಿ ನೋಡಿ ಕೈಬಿಟ್ರು. ನಾನಿನ್ನೂ ಬಿಟ್ಟಿಲ್ಲ" ಎಂದವರು ಮತ್ತೆ ಅದನ್ನೇ ಪೊದೆಯೊಳಗಿಟ್ಟರು. ಇವತ್ತು ಬೆಳಿಗ್ಗೆ ಗೋಡೆಯಾಚೆಯಿಂದ "ಅಯ್ಯಮ್ಮಾ" ಎಂಬ ಕೂಗು ಕೇಳಿ ಎದ್ದುಬಿದ್ದು ಓಡಿದರೆ, ಮಾವ ಎಡಗೈಯ ಕಿರುಬೆರಳನ್ನು ಎತ್ತಿ ಹಿಡಿದು ಅಳುತ್ತಾ ನಗುತ್ತಿದ್ದರು. "ಚುಚ್ಚಿತು ಕಣಮ್ಮ. ನಿಂತಿದ್ದ ಮುಳ್ಳು ನಡೀತು."